ಜನವರಿ ಪ್ರದರ್ಶನಕ್ಕೆ ಯಾವ ತರಕಾರಿ ಹಾಕಬೇಕು? ಕೊಡಗಿನವರಿಗೊಂದು ಹೋಲಿಕೆ

ಕಾವೇರಿ ಸಂಕ್ರಮಣ ಕಳೆದು ಮಳೆ ಸ್ವಲ್ಪ ಬಿಡುವು ಕೊಟ್ಟಿತೆಂದರೆ ನಮ್ಮ ಕಡೆ ಎಲ್ಲರೂ ಹಿತ್ತಲಿಗೆ ಇಳಿಯುತ್ತಾರೆ. ಆಗಲೇ ಫೋನು ಬರಲು ಶುರು: “ಅಕ್ಕಾ, ಈ ಸಲ ಫಲಪುಷ್ಪ ಪ್ರದರ್ಶನಕ್ಕೆ ಏನು ಹಾಕಲಿ?” ಉತ್ತರ ಹೇಳುವ ಮೊದಲು ನಾನು ಮೂರು ಮಾತು ತಿರುಗಿ ಕೇಳುತ್ತೇನೆ. ನಿಮ್ಮಲ್ಲಿ ವರ್ಷಕ್ಕೆ ಮಳೆ ಎಷ್ಟು ಇಂಚು? ಕಾಫಿ ಕೊಯ್ಲಿನ ನಡುವೆ ದಿನಕ್ಕೆ ಎಷ್ಟು ಹೊತ್ತು ತರಕಾರಿಗೆ ಕೊಡಬಲ್ಲಿರಿ? ಆ ಮಣ್ಣಿನಲ್ಲಿ ಹಿಂದೆ ಶುಂಠಿ ಬೆಳೆದಿದ್ದರಾ?

ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮನೆ ಹಿಂದೆ ಐದಾರು ಮಡಿ ತರಕಾರಿ. ಸ್ಪರ್ಧೆಗೆ ಇಟ್ಟು ಬಹುಮಾನ ತಂದದ್ದೂ ಇದೆ, ಬರಿಗೈಯಲ್ಲಿ ಬಂದದ್ದೂ ಇದೆ. ಸೋತ ವರ್ಷಗಳನ್ನು ಕೂತು ಲೆಕ್ಕ ಹಾಕಿದರೆ ಬೆಳೆಸಲು ಬಾರದೆ ಸೋತದ್ದು ಕಡಿಮೆ. ನಮ್ಮ ಜಾಗಕ್ಕೆ ಒಗ್ಗದ ತರಕಾರಿ ಆರಿಸಿಕೊಂಡು ಹಟ ಹಿಡಿದದ್ದೇ ಹೆಚ್ಚು. ಅದಕ್ಕೇ ಈ ಬರಹದಲ್ಲಿ ಬೆಳೆಸುವ ವಿಧಾನಕ್ಕಿಂತ ಆರಿಸುವ ವಿಚಾರವನ್ನೇ ಮುಂದಿಟ್ಟಿದ್ದೇನೆ.

ದೊಡ್ಡದೋ, ಒಂದೇ ಥರದ್ದೋ

ಮೊದಲು ಇದು ತೀರ್ಮಾನವಾಗಬೇಕು. ತರಕಾರಿ ಸ್ಪರ್ಧೆಯಲ್ಲಿ ಎರಡು ದಾರಿ ಇವೆ. ಒಂದು, ತೂಕ ಮತ್ತು ಗಾತ್ರ. ಇನ್ನೊಂದು, ಐದೋ ಆರೋ ಕಾಯಿಗಳನ್ನು ಸಾಲಾಗಿ ಇಟ್ಟಾಗ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವುದು. ಪತ್ರಿಕೆಯಲ್ಲಿ ಫೋಟೊ ಬರುವುದು ಮೊದಲನೆಯದಕ್ಕೆ. 2023ರಲ್ಲಿ ಅಮೆರಿಕದ ಟ್ರಾವಿಸ್ ಗೀಂಗರ್ ಎಂಬ ಬೆಳೆಗಾರ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಸ್ಪರ್ಧೆಗೆ ತಂದ ಕುಂಬಳ 1,247 ಕೆ.ಜಿ. ತೂಗಿತ್ತು. ಆ ಸುದ್ದಿ ನೋಡಿ ನಮ್ಮವರೂ ಸಿಹಿಕುಂಬಳದ ಬಳ್ಳಿಗೆ ಸಗಣಿ ಸುರಿದರು. ಆದರೆ ಆ ದೈತ್ಯ ಕುಂಬಳದ ಜಾತಿಯೇ ಬೇರೆ. ಅದು ‘ಅಟ್ಲಾಂಟಿಕ್ ಜೈಂಟ್’ ಎಂಬ ತಳಿ, ಕೆನಡಾದ ಹೋವರ್ಡ್ ಡಿಲ್ ಅಭಿವೃದ್ಧಿಪಡಿಸಿದ್ದು, ತಣ್ಣನೆಯ ದೇಶದ ಉದ್ದನೆ ಹಗಲಿನ ಬೇಸಿಗೆಯಲ್ಲಿ ಉಬ್ಬುವಂಥದ್ದು. ನಾವು ಸಾರಿಗೆ ಹಾಕುವ ಸಿಹಿಕುಂಬಳ ಅದರ ದಾಯಾದಿ ಅಷ್ಟೇ. ಎಷ್ಟು ಗೊಬ್ಬರ ಉಣಿಸಿದರೂ ಅದು ಆ ಮೈ ತುಂಬಿಕೊಳ್ಳುವುದಿಲ್ಲ.

ನನ್ನ ಅನುಭವದಲ್ಲಿ ಮನೆ ಹಿತ್ತಲಿನವರಿಗೆ ಎರಡನೇ ದಾರಿಯೇ ಸರಿ. ಗಾತ್ರದ ಸ್ಪರ್ಧೆಯಲ್ಲಿ ಒಂದೇ ಕಾಯಿ ನಂಬಿ ನಾಲ್ಕು ತಿಂಗಳು ಕೂರಬೇಕು. ಕೊನೆಯ ವಾರ ಹಂದಿಯೋ ಮುಳ್ಳುಹಂದಿಯೋ ಮಂಗನೋ ಒಂದು ಬಾಯಿ ಹಾಕಿದರೆ ಕಥೆ ಮುಗಿಯಿತು. ಒಂದೇ ಥರದ ಐದು ಬೀನ್ಸ್ ಕೊಡಬೇಕಾದವನ ಹತ್ತಿರ ಇನ್ನೂರು ಬೀನ್ಸ್ ಇರುತ್ತದೆ, ಆರಿಸಿಕೊಳ್ಳಬಹುದು. ಯಾವ ತರಕಾರಿಯಲ್ಲಿ ಆರಿಸಲು ಹೆಚ್ಚು ಸಿಗುತ್ತದೋ ಅದರಲ್ಲಿ ಗೆಲುವು ಹತ್ತಿರ. ಮುಂದಿನ ಹೋಲಿಕೆಯನ್ನೆಲ್ಲ ನಾನು ಇದೇ ಅಳತೆಯಿಂದ ಮಾಡಿದ್ದೇನೆ.

ಯಾವ ಪ್ರದರ್ಶನ, ಯಾವ ತಿಂಗಳು

ಮಡಿಕೇರಿಯ ರಾಜಾಸೀಟ್‌ನಲ್ಲಿ ತೋಟಗಾರಿಕೆ ಇಲಾಖೆ ನಡೆಸುವ ಪ್ರದರ್ಶನ ಸಾಮಾನ್ಯವಾಗಿ ಗಣರಾಜ್ಯೋತ್ಸವದ ಆಸುಪಾಸಿಗೆ ಬರುತ್ತದೆ. ಮೈಸೂರಿನ ಕುಪ್ಪಣ್ಣ ಉದ್ಯಾನದ್ದು ದಸರಾ ಹೊತ್ತಿಗೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಆಗಸ್ಟ್‌ನಲ್ಲಿ. ಆಗಸ್ಟ್ ನಮಗೆ ಅಲ್ಲ, ಆ ತಿಂಗಳು ಗದ್ದೆಯಲ್ಲಿ ನಾಟಿ, ಹಿತ್ತಲಲ್ಲಿ ಕೆಸರು. ದಸರಾಕ್ಕೆ ಕೊಡಬೇಕೆಂದರೆ ಜುಲೈಯಲ್ಲಿ ಬಿತ್ತಬೇಕು. ಪಾಲಿಹೌಸ್ ಇದ್ದವರಿಗೆ ಬಿಟ್ಟು ಉಳಿದವರಿಗೆ ಅದು ಆಗದ ಮಾತು. ಹಾಗಾಗಿ ಕೊಡಗಿನವರ ತಿಂಗಳು ಜನವರಿಯೇ. ಚಳಿ ಇದೆ, ಬಿಸಿಲಿದೆ, ತೋಡಿನಲ್ಲಿ ನೀರಿದೆ.

ದಿನಾಂಕ ಪ್ರಕಟವಾಗುವವರೆಗೆ ಜನವರಿ 26 ಎಂದೇ ಇಟ್ಟುಕೊಂಡು ಹಿಂದಕ್ಕೆ ಎಣಿಸಿ. ಮೂಲಂಗಿಗೆ 45ರಿಂದ 50 ದಿನ, ಅಂದರೆ ಡಿಸೆಂಬರ್ ಮೊದಲ ವಾರದ ಬಿತ್ತನೆ. ಬೀನ್ಸ್‌ಗೆ 55ರಿಂದ 60 ದಿನ, ನವೆಂಬರ್ ಕೊನೆ. ಬೀಟ್‌ರೂಟ್‌ಗೆ 75ರಿಂದ 80, ನವೆಂಬರ್ ಮೊದಲ ಹತ್ತು ದಿನ. ಕ್ಯಾರೆಟ್‌ಗೆ ನೂರು ದಿನ ಹಿಡಿಯಿರಿ, ಅಕ್ಟೋಬರ್ ಮಧ್ಯ. ಎಲೆಕೋಸಿನ ಬೀಜವೂ ಆಗಲೇ ಸಸಿಮಡಿಗೆ ಬೀಳಬೇಕು. ಟೊಮೆಟೊ ಅಕ್ಟೋಬರ್ ಮೊದಲ ವಾರ. ಹೂಕೋಸು ಎಲ್ಲಕ್ಕಿಂತ ಮುಂಚೆ, ಸೆಪ್ಟೆಂಬರ್ ಕೊನೆ. ಬೀಜದ ಪೊಟ್ಟಣದ ಮೇಲೆ ಬರೆದ ದಿನ ಬಯಲುಸೀಮೆಯ ಲೆಕ್ಕ ಎಂಬುದು ನೆನಪಿರಲಿ. ನಮ್ಮ ಡಿಸೆಂಬರ್ ಚಳಿಗೆ ಎಂಟು ಹತ್ತು ದಿನ ಹೆಚ್ಚೇ ಬೇಕಾಗುತ್ತದೆ.

ಈ ಪಟ್ಟಿಯನ್ನು ಮಳೆಯ ಪಕ್ಕ ಇಟ್ಟು ನೋಡಿ. ಕುಶಾಲನಗರ, ಹೆಬ್ಬಾಲೆ, ಶಿರಂಗಾಲದ ಕಡೆ ವರ್ಷಕ್ಕೆ 40 ಇಂಚಿನ ಆಸುಪಾಸು ಮಳೆ, ಹಾರಂಗಿ ನಾಲೆಯ ನೀರು, ಬಯಲು. ಅವರು ಸೆಪ್ಟೆಂಬರಿನಲ್ಲೇ ಧೈರ್ಯವಾಗಿ ಸಸಿ ಮಾಡಬಹುದು. ಹೂಕೋಸು, ಟೊಮೆಟೊ, ಕ್ಯಾರೆಟ್ ಅವರ ಕೈಯಲ್ಲಿ ಇರುವ ತರಕಾರಿ. ಮಡಿಕೇರಿಯಲ್ಲಿ 120 ಇಂಚು ದಾಟುತ್ತದೆ, ಭಾಗಮಂಡಲದಲ್ಲಿ 200 ಇಂಚು ಹೊಸದೇನಲ್ಲ. ಅಲ್ಲಿ ಅಕ್ಟೋಬರ್ ಕೊನೆಯವರೆಗೂ ಮಣ್ಣು ಆರುವುದಿಲ್ಲ. ಹಸಿ ಮಣ್ಣಿಗೆ ಬಿದ್ದ ಕ್ಯಾರೆಟ್ ಬೀಜ ಒಂದೇ ಗುಡುಗು ಮಳೆಗೆ ಕೊಚ್ಚಿ ಹೋಗುತ್ತದೆ. ಆ ಕಡೆಯವರು ನವೆಂಬರ್ ಬಿತ್ತನೆಯ ಬೀನ್ಸ್, ಬೀಟ್‌ರೂಟ್, ಮೂಲಂಗಿಗೆ ಬರಲಿ ಎನ್ನುವುದು ನನ್ನ ಖಚಿತ ಸಲಹೆ. ವಿರಾಜಪೇಟೆ, ಪೊನ್ನಂಪೇಟೆ, ಸೋಮವಾರಪೇಟೆ, ನಮ್ಮ ಸುಂಟಿಕೊಪ್ಪ ಇವೆರಡರ ನಡುವೆ. ಪ್ಲಾಸ್ಟಿಕ್ ಹೊದಿಸಿದ ಸಣ್ಣ ಸಸಿಮಡಿ ಇದ್ದರೆ ಎಲೆಕೋಸು, ಟೊಮೆಟೊ ಆದೀತು.

ಜಾಗದ ಇನ್ನೊಂದು ತೊಡಕು ನೆರಳು. ತೋಟದೊಳಗೆ ಸಿಲ್ವರ್ ಓಕ್ ಕೆಳಗೆ ತರಕಾರಿ ಆಗುವುದಿಲ್ಲ, ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಬಿಸಿಲು ಸಿಗುವುದು ಕಣದ ಅಂಚಿನಲ್ಲಿ ಮತ್ತು ಗದ್ದೆಯಲ್ಲಿ. ಕಣದಲ್ಲಿ ಜನವರಿಯ ಹೊತ್ತಿಗೆ ಕಾಫಿ ಹರಡಿರುತ್ತದೆ, ಓಡಾಟಕ್ಕೆ ಸಿಕ್ಕಿ ಅಂಚಿನ ಗಿಡ ತುಳಿತಕ್ಕೆ ಬೀಳುತ್ತದೆ. ಗದ್ದೆಯ ಮಣ್ಣು ಚೆನ್ನ, ಆದರೆ ನಮ್ಮ ಸುಗ್ಗಿ ಹಬ್ಬ ಹುತ್ತರಿ ಕಳೆದು ಪೈರು ಕೊಯ್ದ ಮೇಲೆ ತಾನೆ ಅದು ಕೈಗೆ ಬರುವುದು? ಹಾಗಾಗಿ ಗದ್ದೆ ಮಾತ್ರ ಇರುವವರಿಗೆ ಮೂಲಂಗಿ ನಿಶ್ಚಿಂತೆ, ಹುತ್ತರಿ ಬೇಗ ಬಂದ ವರ್ಷ ಬೀನ್ಸೂ ಆದೀತು. ಅದರಾಚೆ ಆಸೆ ಬೇಡ.

ಹೂಕೋಸು ಮತ್ತು ಎಲೆಕೋಸು

ಇಂಗ್ಲೆಂಡಿನಲ್ಲಿ ಇಂಥ ಪ್ರದರ್ಶನಗಳಿಗೆ ಹಳೆಯ ಪರಂಪರೆ ಇದೆ. ಅಲ್ಲಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಪ್ರತಿ ತರಕಾರಿಗೂ ಗರಿಷ್ಠ ಅಂಕ ಗೊತ್ತುಮಾಡಿದೆ. ಹೂಕೋಸಿಗೆ 20, ಎಲೆಕೋಸಿಗೆ 15. ಬೆಳೆಸಲು ಕಷ್ಟವಾದದ್ದಕ್ಕೆ ಹೆಚ್ಚು ಅಂಕ ಎನ್ನುವುದು ಅವರ ನ್ಯಾಯ. ಹಲವು ತರಕಾರಿಗಳನ್ನು ಒಟ್ಟಿಗೆ ಜೋಡಿಸಿ ಇಡುವ ವಿಭಾಗದಲ್ಲಿ ಈ ಐದು ಅಂಕವೇ ಸೋಲು ಗೆಲುವನ್ನು ಕಟ್ಟುತ್ತದೆ. ನಮ್ಮಲ್ಲೂ ತೀರ್ಪುಗಾರರು ಒಳ್ಳೆಯ ಹೂಕೋಸಿನ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದನ್ನು ಕಂಡಿದ್ದೇನೆ.

ಆದರೂ ಮೊದಲ ಸಲದವರಿಗೆ ನಾನು ಎಲೆಕೋಸನ್ನೇ ಹೇಳುವುದು. ಕಾರಣ ನಮ್ಮ ಮಣ್ಣು. ಇಷ್ಟು ಮಳೆಗೆ ಸುಣ್ಣದಂಶವೆಲ್ಲ ತೊಳೆದು ಹೋಗಿ ಕೊಡಗಿನ ಕೆಂಪು ಮಣ್ಣು ಹುಳಿಯಾಗಿರುತ್ತದೆ. ಹುಳಿ ಮಣ್ಣಿನಲ್ಲಿ ಹೂಕೋಸಿಗೆ ಮಾಲಿಬ್ಡಿನಂ ಸಿಗದೆ ಎಲೆಯ ಅಲಗು ಕರಗಿ ನಡುನರ ಮಾತ್ರ ಬಾಲದ ಹಾಗೆ ಉಳಿಯುತ್ತದೆ. ಬೋರಾನ್ ಕಡಿಮೆಯಾದರೆ ದಂಟು ಟೊಳ್ಳಾಗಿ ಹೂವಿನ ಮೇಲೆ ಕಂದು ಕಲೆ ಬರುತ್ತದೆ. ಎರಡೂ ತಪ್ಪು ಕಣ್ಣಿಗೆ ಬೀಳುವಾಗ ತಿದ್ದುವ ಕಾಲ ದಾಟಿರುತ್ತದೆ. ನಾಟಿಗೆ ಒಂದು ತಿಂಗಳ ಮೊದಲೇ ಮಣ್ಣು ಪರೀಕ್ಷೆ ಮಾಡಿಸಿ, ಕಾಫಿಗೆ ಹಾಕುವ ಕೃಷಿ ಸುಣ್ಣವನ್ನೇ ಮಡಿಗೂ ಹಾಕಿ. ಬೋರಾಕ್ಸ್ ಚದರ ಮೀಟರಿಗೆ 1 ಗ್ರಾಂ ಸಾಕು, ಕೈ ಜಾರಿದರೆ ಅದೇ ವಿಷವಾಗುತ್ತದೆ. ಎಲೆಕೋಸಿಗೂ ಹುಳಿ ಮಣ್ಣಾಗದು, ಬೇರು ಗಂಟುಗಟ್ಟುವ ರೋಗ ಬರುತ್ತದೆ. ಆದರೆ ಸುಣ್ಣ ಸರಿಯಾಗಿ ಹಾಕಿದವರನ್ನು ಅದು ಅಷ್ಟಾಗಿ ಕಾಡುವುದಿಲ್ಲ.

ಇನ್ನೊಂದು ವ್ಯತ್ಯಾಸ, ಕಾಯುವ ಶಕ್ತಿ. ತಲೆ ಕಟ್ಟಿದ ಎಲೆಕೋಸು ಚಳಿಯಲ್ಲಿ ಹತ್ತು ಹದಿನೈದು ದಿನ ಗಿಡದಲ್ಲೇ ನಿಲ್ಲುತ್ತದೆ. ಒಡೆಯುವ ಸೂಚನೆ ಕಂಡರೆ ಇಡೀ ಗಿಡವನ್ನು ಎರಡು ಕೈಯಲ್ಲಿ ಹಿಡಿದು ಕಾಲು ಸುತ್ತು ತಿರುಗಿಸಿ. ಒಳಗೆ ಬೇರು ಲಟಲಟ ಹರಿಯುವುದು ಕೈಗೆ ಗೊತ್ತಾಗುತ್ತದೆ. ನೀರು ಎಳೆಯುವುದು ಕಡಿಮೆಯಾಗಿ ತಲೆ ಬಿರಿಯದೆ ಉಳಿಯುತ್ತದೆ. ಹೂಕೋಸು ಹಾಗಲ್ಲ. ಒಂದು ಬಿಸಿ ಮಧ್ಯಾಹ್ನ ಸಾಕು, ಬೆಣ್ಣೆಯಂತಿದ್ದ ಹೂವು ಅಕ್ಕಿಕಾಳು ಚೆಲ್ಲಿದಂತಾಗುತ್ತದೆ. ಹೂ ನಿಂಬೆ ಗಾತ್ರಕ್ಕೆ ಬಂದ ದಿನದಿಂದ ಒಳ ಎಲೆಗಳನ್ನು ಅದರ ಮೇಲೆ ಬಗ್ಗಿಸಿ ಬಾಳೆನಾರಿನಲ್ಲಿ ಕಟ್ಟಬೇಕು, ಎರಡು ದಿನಕ್ಕೊಮ್ಮೆ ಬಿಚ್ಚಿ ಹುಳು ನೋಡಬೇಕು. ದಿನಕ್ಕೆ ಅರ್ಧ ಗಂಟೆ ಇದಕ್ಕೇ ಹೋಗುತ್ತದೆ. ಮನೆಯಲ್ಲಿ ರೊಬಸ್ಟಾ ಕೊಯ್ಲು ಶುರುವಾಗಿದ್ದರೆ ಆ ಅರ್ಧ ಗಂಟೆ ಎಲ್ಲಿಂದ ತರುತ್ತೀರಿ? ಹೂಕೋಸೇ ಬೇಕು ಎನ್ನುವವರು ಎಂಟು ದಿನದ ಅಂತರದಲ್ಲಿ ಮೂರು ಸಲ ಬಿತ್ತಿ. ಎರಡು ಮೂರು ದಿನ ಮುಂಚೆಯೇ ತಯಾರಾಗಿ ಬಿಟ್ಟರೆ ಬೇರು ಸಮೇತ ಕಿತ್ತು ತಂಪಾದ ಕತ್ತಲೆ ಕೋಣೆಯಲ್ಲಿ ತಲೆಕೆಳಗಾಗಿ ನೇತುಹಾಕಿ ನೀರು ಚಿಮುಕಿಸುತ್ತಿರಿ, ಬಾಡದು.

ಎಲೆಕೋಸಿನ ಮೇಲಿನ ಬೂದಿಯಂಥ ಮೇಣವನ್ನು ಮಾತ್ರ ಯಾರೂ ಒರೆಸಬೇಡಿ. ಹೊಳಪು ಬರಲೆಂದು ಬಟ್ಟೆಯಲ್ಲಿ ಉಜ್ಜಿ ತಂದವರನ್ನು ನೋಡಿದ್ದೇನೆ. ಆ ಮೇಣವೇ ತಾಜಾತನದ ಗುರುತು, ಬೆರಳಚ್ಚು ಬಿದ್ದರೂ ಕಾಣುತ್ತದೆ.

ಮಣ್ಣಿನೊಳಗಿನವು

ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್‌ಗಳಲ್ಲಿ ಕೀಳುವವರೆಗೆ ಏನಿದೆ ಎಂದು ಗೊತ್ತಾಗುವುದಿಲ್ಲ. ಹೆದರಿಕೆಯೂ ಅದೇ, ಸಂತೋಷವೂ ಅದೇ.

ನಾನು ಕ್ಯಾರೆಟ್ ಹಾಕಿದ ಮೊದಲ ವರ್ಷ ಎಲೆ ನೋಡಿ ಊರೇ ಹೊಗಳಿತ್ತು. ಹಿಂದಿನ ಸಂಜೆ ಕಿತ್ತರೆ ಒಂದೊಂದಕ್ಕೂ ಎರಡು ಮೂರು ಕಾಲು, ಒಂದಂತೂ ಕೂತ ಮನುಷ್ಯನ ಹಾಗೆ. ಅತ್ತೆ ಮಣ್ಣು ಕೈಯಲ್ಲಿ ಹಿಸುಕಿ ನೋಡಿ, “ಗೊಬ್ಬರ ಹಣ್ಣಾಗಿಲ್ಲ ಮಗಳೇ, ಹಸಿ ಸಗಣಿ ಹಾಕಿದ್ದೀಯ” ಅಂದರು. ಸರಿಯಾಗಿತ್ತು. ಕೊಳೆಯದ ಗೊಬ್ಬರ, ಕಲ್ಲು, ಗಟ್ಟಿ ಪದರ, ಈ ಮೂರರಲ್ಲಿ ಯಾವುದು ತಾಗಿದರೂ ಕ್ಯಾರೆಟ್ ಕವಲೊಡೆಯುತ್ತದೆ. ಹಿಂದಿನ ಬೆಳೆಗೆ ಗೊಬ್ಬರ ಉಂಡ ಮಡಿಯಲ್ಲೇ ಹೊಸ ಗೊಬ್ಬರವಿಲ್ಲದೆ ಕ್ಯಾರೆಟ್ ಬಿತ್ತುವುದು ಒಳ್ಳೆಯದು.

ಡ್ರಮ್ಮೋ ಮಡಿಯೋ ಎನ್ನುವ ಪ್ರಶ್ನೆ ಇತ್ತೀಚೆಗೆ ತುಂಬ ಜನ ಕೇಳುತ್ತಾರೆ, ಮೊಬೈಲಿನಲ್ಲಿ ವಿಡಿಯೊ ನೋಡಿ. ಬ್ರಿಟನ್ನಿನ ಸ್ಪರ್ಧಿಗಳು ದೊಡ್ಡ ಡ್ರಮ್ಮಿಗೆ ಮರಳು ತುಂಬಿ, ಹಾರೆಯಿಂದ ಶಂಕುವಿನಂತೆ ಆಳವಾದ ತೂತು ಕೊರೆದು, ಅದಕ್ಕೆ ಜರಡಿ ಹಿಡಿದ ಗೊಬ್ಬರಮಣ್ಣು ತುಂಬಿ ತೂತಿಗೆ ಒಂದೇ ಗಿಡ ಉಳಿಸುತ್ತಾರೆ. ಅವರಿಗೆ ಅದು ಬೇಕೇ ಬೇಕು, ಉದ್ದನೆ ಮೊನಚು ಕ್ಯಾರೆಟ್ಟಿಗೆಂದೇ ಅಲ್ಲಿ ಪ್ರತ್ಯೇಕ ವಿಭಾಗವಿದೆ. ನಮ್ಮಲ್ಲಿ ಬೆಳೆಸುವ ನಾಂಟಿಸ್ ತಳಿಯ ಕ್ಯಾರೆಟ್ ಗೇಣುದ್ದವೂ ಬರುವುದಿಲ್ಲ, ತುದಿ ಮೊಂಡು. ಅದಕ್ಕೆ ಒಂದಡಿ ಎತ್ತರದ ಏರುಮಡಿ, ಆ ಒಂದಡಿಯನ್ನೂ ಜರಡಿ ಹಿಡಿದ ಮಣ್ಣು, ಇಷ್ಟಾದರೆ ತುಂಬಾಯಿತು. ಡ್ರಮ್ಮಿನ ಮರಳು ಡಿಸೆಂಬರಿನ ಒಣ ಗಾಳಿಗೆ ದಿನಾ ನೀರು ಕೇಳುತ್ತದೆ. ಒಂದು ದಿನ ತಪ್ಪಿಸಿ ಮರುದಿನ ಹೆಚ್ಚು ಹೊಯ್ದರೆ ಗೆಡ್ಡೆ ಉದ್ದಕ್ಕೂ ಸೀಳುತ್ತದೆ. ಮಡಿ ಎರಡು ದಿನ ತಾಳುತ್ತದೆ. ನನ್ನ ಮತ ಮಡಿಗೇ. ಡ್ರಮ್ಮಿನ ಖರ್ಚನ್ನು ಮಣ್ಣು ಜರಡಿ ಹಿಡಿಯುವ ಕೂಲಿಗೆ ಹಾಕಿ. ಭುಜ ಹಸಿರಾಗದಂತೆ ಆಗಾಗ ಬುಡಕ್ಕೆ ಮಣ್ಣು ಏರಿಸುತ್ತಿರಿ.

ಮೂಲಂಗಿಗೆ ಇಷ್ಟೆಲ್ಲ ನಾಜೂಕು ಬೇಡ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ನಿಶಾಂತ್’ ಉದ್ದನೆ ಬಿಳಿ ತಳಿ, ಕವಲೊಡೆಯುವುದು, ಬೆಂಡಾಗುವುದು ಕಡಿಮೆ. ಮೂಲಂಗಿಯ ಕಷ್ಟ ಒಂದೇ, ಅದು ಕಾಯುವುದಿಲ್ಲ. ಪ್ರದರ್ಶನ ಒಂದು ವಾರ ಮುಂದಕ್ಕೆ ಹೋದರೆ ಒಳಗೆ ಬೆಂಡು ಬಿಡುತ್ತದೆ. ಹೊರಗಿನ ಎಲೆಯ ದಂಟನ್ನು ಬುಡದಲ್ಲಿ ಮುರಿದು ನೋಡಿ, ದಂಟು ಟೊಳ್ಳಾಗಿದ್ದರೆ ಗೆಡ್ಡೆಯೂ ಹಾಗೇ. ಐದು ದಿನದ ಅಂತರದಲ್ಲಿ ನಾಲ್ಕು ಸಾಲು ಬಿತ್ತುವುದೇ ಇದಕ್ಕೆ ಪರಿಹಾರ, ಬೀಜ ಅಗ್ಗ.

ಬೀಟ್‌ರೂಟ್ ಇವೆರಡರ ನಡುವಿನ ಸಮಾಧಾನದ ತರಕಾರಿ, ಜನ ಯಾಕೋ ಅದನ್ನು ಮರೆಯುತ್ತಾರೆ. ನಾವು ಬೀಜ ಎನ್ನುವುದು ನಿಜಕ್ಕೂ ಬೀಜಗಳ ಗೊಂಚಲು, ಒಂದೇ ಕಡೆ ಮೂರ್ನಾಲ್ಕು ಸಸಿ ಬರುತ್ತವೆ. ಒಂದು ಉಳಿಸಿ ಉಳಿದದ್ದು ಕಿತ್ತರೆ ದುಂಡಗಾಗುತ್ತದೆ. ಟೆನಿಸ್ ಚೆಂಡಿನ ಗಾತ್ರಕ್ಕೆ ನಿಲ್ಲಿಸಿ. ತೊಳೆಯುವಾಗ ಬಾಲದಂಥ ಬೇರು ಮುರಿಯಬಾರದು, ಮುರಿದ ಕಡೆ ಬಣ್ಣ ಸೋರಿ ಮೇಜಿನ ಮೇಲೆ ಕಲೆ ಬಿಡುತ್ತದೆ.

ಟೊಮೆಟೊ ಹಾಕುವ ಮೊದಲು ಶುಂಠಿಯ ಮಾತು

ಶುಂಠಿಯನ್ನು ಬಾಡಿಸುವ ದುಂಡಾಣುವಿನ ಬಳಗವೇ ಟೊಮೆಟೊ, ಬದನೆ, ಮೆಣಸಿನಕಾಯಿಯನ್ನೂ ಬಾಡಿಸುತ್ತದೆ. ಸೊರಗು ರೋಗ ಬಂದ ಶುಂಠಿ ಗದ್ದೆಯ ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಶುಂಠಿ ಸುತ್ತು ಹೊಡೆದ ನಮ್ಮ ಜಿಲ್ಲೆಯಲ್ಲಿ ಇದನ್ನು ಕೇಳದೆ ಟೊಮೆಟೊ ಹಾಕುವುದು ತಪ್ಪು. ನಾನು ಒಂದು ನರ್ಸರಿಯಿಂದ ತಂದ ನಲವತ್ತು ಸಸಿ ಹೂ ಬಿಡುವ ಹೊತ್ತಿಗೆ ಹಸಿರು ಎಲೆಯಲ್ಲೇ ಜೋತುಬಿದ್ದವು. ನೀರು ಕಡಿಮೆಯೆಂದು ಇನ್ನೂ ಹೊಯ್ದೆ. ಕೊನೆಗೆ ಕೃಷಿ ವಿಜ್ಞಾನ ಕೇಂದ್ರದವರು ಹೇಳಿಕೊಟ್ಟ ಪರೀಕ್ಷೆ ಮಾಡಿದೆ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿದೆ. ಒಂದೆರಡು ನಿಮಿಷಕ್ಕೆ ಕತ್ತರಿಸಿದ ಬಾಯಿಂದ ಹಾಲಿನ ಎಳೆಯಂಥದ್ದು ಇಳಿಯತೊಡಗಿತು, ಊದುಬತ್ತಿಯ ಹೊಗೆ ಕೆಳಮುಖವಾಗಿ ಹೋದ ಹಾಗೆ. ಅದು ದುಂಡಾಣುವಿನ ಲೋಳೆ. ಆ ವರ್ಷದ ಟೊಮೆಟೊ ಅಲ್ಲಿಗೆ ಮುಗಿಯಿತು. ತಪ್ಪು ಸಸಿಯದಲ್ಲ, ಆ ಮಡಿಗೆ ಶುಂಠಿ ಗದ್ದೆಯಿಂದ ಮಣ್ಣು ತಂದು ಹಾಕಿದ್ದು ನಾನೇ.

ಆಮೇಲಿನ ಆಯ್ಕೆ ಮೂರು. ಒಂದು, ಶುಂಠಿ ಕಾಣದ ಮಣ್ಣನ್ನು ಚೀಲಕ್ಕೆ ತುಂಬಿ ಚೀಲದಲ್ಲೇ ಬೆಳೆಸುವುದು. ಎರಡು, ‘ಅರ್ಕಾ ರಕ್ಷಕ್’ನಂಥ ತಳಿ. ಎಲೆ ಮುಟುರು, ದುಂಡಾಣು ಸೊರಗು, ಎಲೆ ಚುಕ್ಕೆಯ ಅಂಗಮಾರಿ ಮೂರನ್ನೂ ತಡೆಯುವ ಹೈಬ್ರಿಡ್ ಅದು, ಹಣ್ಣು 75ರಿಂದ 100 ಗ್ರಾಂ. ಮೂರು, ಸುಂಡೆ ಗಿಡಕ್ಕೆ ಕಸಿ ಕಟ್ಟಿದ ಸಸಿ, ಇದು ಬದನೆಗೆ ಹೆಚ್ಚು ಹೊಂದುತ್ತದೆ. ಸ್ಪರ್ಧೆಗೆ ನಾನು ಮೊದಲೆರಡನ್ನೂ ಸೇರಿಸಿಕೊಂಡಿದ್ದೇನೆ, ಅರ್ಕಾ ರಕ್ಷಕ್ ಅನ್ನೇ ಚೀಲದಲ್ಲಿ ಹಾಕಿ ಒಂದೇ ಕಾಂಡಕ್ಕೆ ಸವರಿ ಕೋಲಿಗೆ ಕಟ್ಟುತ್ತೇನೆ. ಹನ್ನೆರಡು ಗಿಡವಿದ್ದರೆ ಒಂದೇ ದಿನ ಒಂದೇ ಬಣ್ಣಕ್ಕೆ ಬಂದ ಆರು ಹಣ್ಣು ಸಿಗುತ್ತವೆ.

ನಾಟಿ ಟೊಮೆಟೊ ಸಾರಿಗೆ ಎಷ್ಟು ರುಚಿಯೋ, ಮೇಜಿನ ಮೇಲೆ ಅಷ್ಟೇ ಕಷ್ಟ. ಒಂದೇ ಗಿಡದಲ್ಲಿ ಒಂದು ಚಪ್ಪಟೆ, ಒಂದು ಗೀರು ಗೀರು. ಏಕರೂಪತೆ ನೋಡುವ ಕಡೆ ಹೈಬ್ರಿಡ್ ಗೆಲ್ಲುತ್ತದೆ, ಇದನ್ನು ಬೇಸರವಿದ್ದರೂ ಒಪ್ಪಿಕೊಳ್ಳಬೇಕು. ನಾಟಿ ಬೀಜ ಕಾಪಾಡಿಕೊಂಡು ಬಂದವರು ಅದನ್ನು ಅಪರೂಪದ ತರಕಾರಿಗಳ ಪ್ರದರ್ಶನಕ್ಕೆ ಕೊಡಲಿ. ಕೆಸ, ಸುವರ್ಣಗೆಡ್ಡೆ, ಮುಳ್ಳುಸೌತೆ, ಅಜ್ಜಿ ಕಾಲದ ಅವರೆ ಇವಕ್ಕೆಲ್ಲ ಜನ ಅಲ್ಲಿ ಗುಂಪುಗಟ್ಟಿ ನಿಲ್ಲುತ್ತಾರೆ. ಹೈಬ್ರಿಡ್‌ಗಳ ಸಾಲಿನಲ್ಲಿ ಅವನ್ನು ನಿಲ್ಲಿಸಿ ಸೋಲಿಸುವುದು ನನಗೆ ಇಷ್ಟವಿಲ್ಲ.

ಟೊಮೆಟೊ ಕಿಡಿಗೇಡಿಯಾಗುವುದು ಕೊನೆಯ ವಾರದಲ್ಲಿ. ಜನವರಿ ಚಳಿಗೆ ಬಣ್ಣ ತಿರುಗುವುದು ನಿಧಾನ. ತೊಟ್ಟಿನ ಹಸಿರು ನಕ್ಷತ್ರ ಮಾತ್ರ ಎರಡು ಮೂರು ದಿನಕ್ಕೆ ಒಣಗುತ್ತದೆ. ಬೇಗ ಕಿತ್ತಿಟ್ಟುಕೊಳ್ಳುವ ಹಾಗಿಲ್ಲ, ಹಿಂದಿನ ದಿನವೇ ಕತ್ತರಿಯಲ್ಲಿ ತೊಟ್ಟು ಸಮೇತ ಕೊಯ್ಯಬೇಕು. ಪಕ್ಕದ ಕಾಫಿಗೋ ಮೆಣಸಿಗೋ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ರೋಗದ ಔಷಧಿ) ಹೊಡೆಯುವಾಗ ತರಕಾರಿಗೆ ಪರದೆ ಮುಚ್ಚಿ. ನೀಲಿ ಚುಕ್ಕೆ ಬಿದ್ದ ಟೊಮೆಟೊ ಎಷ್ಟು ತೊಳೆದರೂ ಗೊತ್ತಾಗುತ್ತದೆ.

ಬೀನ್ಸ್

ಈಗ ನನ್ನ ಆಯ್ಕೆಗೆ ಬರುತ್ತೇನೆ. ಕೊಡಗಿನ ಯಾವ ಮೂಲೆಯವರಾದರೂ ಸರಿ, ಮೊದಲ ಸಲ ಸ್ಪರ್ಧೆಗೆ ಇಳಿಯುವುದಾದರೆ ಬೀನ್ಸ್ ಹಾಕಿ. ಬಿತ್ತನೆ ನವೆಂಬರಿನ ಕೊನೆಗೆ, ಮಳೆಯ ಭಯ ಕಡಿಮೆ. ಶುಂಠಿಯ ಸೊರಗು ಅದನ್ನು ಟೊಮೆಟೊದಷ್ಟು ಕಾಡುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಕೊಟ್ಟರೂ ಬರುತ್ತದೆ. ಆರಿಸಲು ರಾಶಿ ಸಿಗುತ್ತದೆ.

ಗಿಡ ಬೀನ್ಸೋ ಬಳ್ಳಿ ಬೀನ್ಸೋ ಎಂದರೆ ನಾನು ಬಳ್ಳಿಯ ಕಡೆ. ‘ಅರ್ಕಾ ಕೋಮಲ್’ನಂಥ ಗಿಡ ಬೀನ್ಸ್ ಬೇಗ ಬರುತ್ತದೆ, ಆಸರೆ ಬೇಡ, ಕಾಯಿಯೂ ನೇರ. ಹೊತ್ತಿಲ್ಲದವರಿಗೆ ಅದೇ ಸರಿ. ಆದರೆ ಕೆಳಗಿನ ಕಾಯಿ ನೆಲಕ್ಕೆ ತಾಗಿ ತುದಿ ಡೊಂಕಾಗುತ್ತದೆ, ಮಣ್ಣು ಸಿಡಿದು ಕಲೆ ಹಿಡಿಯುತ್ತದೆ. ಬಳ್ಳಿಯಲ್ಲಿ ಕಾಯಿ ಗಾಳಿಯಲ್ಲಿ ತೂಗುತ್ತಾ ತನ್ನ ಭಾರಕ್ಕೆ ತಾನೇ ನೆಟ್ಟಗಾಗುತ್ತದೆ. ಅದು ಒಂದು ವಾರ ಹತ್ತು ದಿನ ತಡ, ಅಷ್ಟು ಮುಂಚೆ ಬಿತ್ತಿದರಾಯಿತು. ಬಿದಿರು ಕೋಲನ್ನು ಅಡ್ಡಸಾಲಿನಲ್ಲಿ ನೆಡಿ, ಬೆಳಗಿನ ಮಂಜು ಬೇಗ ಆರಿದಷ್ಟೂ ತುಕ್ಕು ರೋಗ ಕಡಿಮೆ. ಪ್ರದರ್ಶನಕ್ಕೆ ಎರಡು ವಾರ ಇರುವಾಗ ಬಲಿತ ಕಾಯಿಯನ್ನೆಲ್ಲ ಒಂದೂ ಬಿಡದೆ ಕೊಯ್ದು ಅಡುಗೆಗೆ ಹಾಕಿ. ಆಮೇಲೆ ಬರುವ ಹೂವೆಲ್ಲ ಒಟ್ಟಿಗೆ ಕಾಯಾಗುತ್ತವೆ, ಒಂದೇ ಗಾತ್ರ ಸಿಗುವ ಗುಟ್ಟು ಇದು.

ಹಿಂದಿನ ದಿನ ಸಂಜೆ ಐದಕ್ಕೆ ನಾನು ಕತ್ತರಿ ಹಿಡಿದು ಸಾಲಿಗೆ ಹೋಗುತ್ತೇನೆ. ಕಾಯಿ ಮುಟ್ಟುವುದಿಲ್ಲ, ತೊಟ್ಟು ಹಿಡಿದು ಕತ್ತರಿಸಿ ಒದ್ದೆ ಬಟ್ಟೆ ಹಾಸಿದ ಮೊರದಲ್ಲಿ ಮಲಗಿಸುತ್ತೇನೆ. ಅರವತ್ತು ಎಪ್ಪತ್ತು ಕಾಯಿ ಆಗುತ್ತವೆ. ರಾತ್ರಿ ಊಟ ಮುಗಿದ ಮೇಲೆ ಊಟದ ಮೇಜಿನ ಮೇಲೆ ಬಾಳೆಲೆ ಹಾಸಿ, ಎಲ್ಲದರ ತೊಟ್ಟೂ ಒಂದೇ ಗೆರೆಗೆ ಬರುವಂತೆ ಸಾಲಾಗಿ ಇಡುತ್ತೇವೆ. ಮೊದಲು ಉದ್ದ ನೋಡಿ ಅರ್ಧ ತೆಗೆಯುವುದು. ಆಮೇಲೆ ದಪ್ಪ. ಆಮೇಲೆ ಬಣ್ಣ, ಇದಕ್ಕೆ ದೀಪದ ಬೆಳಕು ಸಾಲದು, ಮಗಳು ಬೆಳಿಗ್ಗೆ ಎದ್ದು ಜಗಲಿಯಲ್ಲಿ ನೋಡುತ್ತಾಳೆ. ಒಳಗಿನ ಕಾಳು ಉಬ್ಬಿ ಕಾಣುವುದು ಹೊರಗೆ. ಒಂದೇ ಗಾತ್ರದ ಒಂದು ಕಾಯಿಯನ್ನು ಮುರಿದು ನೋಡುತ್ತೇವೆ, ಟಪ್ ಎಂದು ನಾರಿಲ್ಲದೆ ಮುರಿದರೆ ಉಳಿದವೂ ಎಳೆಯವೇ. ಅಷ್ಟಾಗಿ ಉಳಿಯುವುದು ಹತ್ತೋ ಹನ್ನೆರಡೋ. ಸ್ವಲ್ಪ ಬಾಗಿದ್ದನ್ನು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಬೆಳಗಿನೊಳಗೆ ನೆಟ್ಟಗಾಗುತ್ತದೆ, ಅದಕ್ಕೂ ಒಂದು ಅವಕಾಶ ಕೊಡಿ. ಹೀಗೆ ಸುತ್ತಿ ತಂಪಿನಲ್ಲಿಟ್ಟ ಬೀನ್ಸ್ ಮೂರು ದಿನ ಬಾಡದೆ ಇರುವುದರಿಂದ ಚೆನ್ನಾದದ್ದು ಕಂಡ ದಿನವೇ ಕೊಯ್ದು ಕೂಡಿಡಲೂಬಹುದು. ಟೊಮೆಟೊದಲ್ಲಿ ಇಂಥ ಅನುಕೂಲ ಇಲ್ಲ.

ಕುಂಬಳ

ಗಾತ್ರವೇ ಬೇಕು ಎನ್ನುವವರಿಗೆ ಎರಡು ಮಾತು. ಮೇ ತಿಂಗಳ ಮಳೆಗೆ ಗುಂಡಿಯಲ್ಲಿ ಬೀಜ ಹಾಕಿ, ಬಳ್ಳಿಗೆ ಒಂದೇ ಕಾಯಿ ಉಳಿಸಿ, ಕಾಯಿ ಕೆಳಗೆ ಹುಲ್ಲೋ ಹಲಗೆಯೋ ಇಡಿ. ಬಲಿತ ಸಿಹಿಕುಂಬಳ, ಬೂದುಗುಂಬಳ ತೊಟ್ಟು ಸಮೇತ ಕೊಯ್ದು ಗಾಳಿಯಾಡುವ ಅಟ್ಟದಲ್ಲಿಟ್ಟರೆ ಜನವರಿಯವರೆಗೆ ಕೆಡುವುದಿಲ್ಲ. ದಿನಾಂಕದ ತಲೆಬಿಸಿ ಇಲ್ಲದ ತರಕಾರಿ ಇದೊಂದೇ. ಆನೆ ಓಡಾಡುವ ಕಡೆಯವರು ಇದಕ್ಕೆ ಹೋಗಬೇಡಿ, ಬೆಳೆಯ ಆಸೆಗಿಂತ ಮನೆಯವರ ಜೀವ ದೊಡ್ಡದು.

ಮೇಜಿನ ತನಕ

ಭಾಗಮಂಡಲದಿಂದಲೋ ನಾಪೋಕ್ಲಿನಿಂದಲೋ ಮಡಿಕೇರಿಗೆ ಬರುವ ತಿರುವುಗಳಲ್ಲಿ ಜೀಪಿನ ಹಿಂದೆ ಟೊಮೆಟೊ ಇಟ್ಟವರಿಗೆ ದಾರಿಯಲ್ಲೇ ಸೋಲು. ಭತ್ತದ ಹೊಟ್ಟು ತುಂಬಿದ ಡಬ್ಬದಲ್ಲಿ ಒಂದಕ್ಕೊಂದು ತಾಗದಂತೆ ಇಡಿ. ಕುಂಬಳಕ್ಕೆ ಹಳೆ ಸೀರೆಯ ಸಿಂಬೆ. ಕ್ಯಾರೆಟ್, ಮೂಲಂಗಿಯನ್ನು ಬ್ರಷ್ಷಿನಲ್ಲಿ ತಿಕ್ಕದೆ ಮೆತ್ತನೆ ಸ್ಪಂಜಿನಲ್ಲಿ ತೊಳೆದು, ಸೊಪ್ಪನ್ನು ಮೂರು ಇಂಚು ಬಿಟ್ಟು ಕತ್ತರಿಸಿ ದಾರ ಕಟ್ಟಿ ಒದ್ದೆ ಬಟ್ಟೆಯಲ್ಲಿ ಸುತ್ತಿ. ಯಾವುದಕ್ಕೂ ಎಣ್ಣೆ ಸವರಬೇಡಿ.

ಪ್ರಕಟಣೆಯಲ್ಲಿ ಎಷ್ಟು ಸಂಖ್ಯೆ ಕೇಳಿದ್ದಾರೆ ಎಂಬುದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಒಂದು ವರ್ಷ ಐದು ಬೀನ್ಸ್ ಕೇಳಿದ ಕಡೆ ನಾನು ಆರು ಇಟ್ಟು ಬಂದೆ. ಆರನೆಯದು ಎಷ್ಟು ಚೆನ್ನಾಗಿತ್ತೆಂದರೆ ಬಿಡಲು ಮನಸ್ಸಾಗಲಿಲ್ಲ. ತೀರ್ಪುಗಾರರು ಸಾಲು ನೋಡಿದರು, ಎಣಿಸಿದರು, ಮುಂದಿನ ತಟ್ಟೆಗೆ ಹೋದರು. ಮನೆಯಿಂದ ಎರಡು ಮೂರು ಹೆಚ್ಚಿಗೆ ಒಯ್ಯಿರಿ, ದಾರಿಯಲ್ಲಿ ಮುರಿದದ್ದಕ್ಕೆ ಬದಲು ಬೇಕಾಗುತ್ತದೆ. ತಟ್ಟೆ ಜೋಡಿಸಿದ ಮೇಲೆ ಉಳಿದದ್ದನ್ನು ಚೀಲಕ್ಕೆ ಹಾಕಿ, ಚೀಟಿ ತೆಗೆದು, ಬೆರಳಿಟ್ಟು ಇನ್ನೊಮ್ಮೆ ಎಣಿಸಿ.